ಡೋನಾ ಎರ್ಸಿಲಿಯಾಳ ಬಚ್ಚಲಿನ ಬಲ್ಬು

ಪೆಲೋಟಾಸಿನಲ್ಲಿ ಜುಲೈ ಅಂದರೆ ಗೋಡೆ ಬೆವರುವ ತಿಂಗಳು.
ಒಗೆದ ಬಟ್ಟೆ ನಾಲ್ಕು ದಿನವಾದರೂ ಹಸಿಹಸಿ,
ಡಬ್ಬಿಯೊಳಗೆ ಉಪ್ಪು ಅಳುತ್ತದೆ.
ಇಂಥ ಊರಲ್ಲಿ ನಾನು ಕರೆಂಟಿನ ಕೆಲಸದವಳು.
ಹೆಸರು ಜಂಡೀರಾ. ಏಣಿ ನನ್ನದೇ.

ಡೋನಾ ಎರ್ಸಿಲಿಯಾ ಬಾಗಿಲಲ್ಲೇ ಹೇಳಿದಳು:
"ಹೆಚ್ಚೇನಿಲ್ಲ ಮಗಳೇ, ನಲ್ಲಿ ಮುಟ್ಟಿದರೆ ಸ್ವಲ್ಪ ಜುಮ್ ಅನ್ನುತ್ತೆ.
ಇಪ್ಪತ್ತು ವರ್ಷದಿಂದ ಅನ್ನುತ್ತಲೇ ಇದೆ.
ರಬ್ಬರ್ ಚಪ್ಪಲಿ ಹಾಕಿಕೊಂಡೇ ನಮ್ಮ ಸ್ನಾನ.
ಮೊಮ್ಮಗ ಟವೆಲ್ ಸುತ್ತಿ ತಿರುಗಿಸುತ್ತಾನೆ, ಜಾಣ.
ನಿನ್ನನ್ನು ಕರೆಸಿದ್ದು ಬಲ್ಬಿಗೆ. ತಿಂಗಳಿಗೊಂದು ಸುಡುತ್ತದೆ."

ಬಚ್ಚಲು ನೋಡಿದೆ.
ಶವರಿನ ತಲೆಯೊಳಗೇ ನೀರು ಕಾಯಿಸುವ ಸುರುಳಿ,
ನಮ್ಮ ಬೀದಿಯ ಎಲ್ಲ ಮನೆಗಳಲ್ಲಿರುವಂತೆ.
ಅದರ ಮೇಲೆ ಒಂದು ಗೇಣು ಬಿಟ್ಟು
ಬರಿಮೈ ಬಲ್ಬು, ಎರಡು ತಂತಿಗೆ ಜೋತುಬಿದ್ದು,
ಹಬೆ ಕುಡಿಕುಡಿದು ತುಕ್ಕಾದ ಹೋಲ್ಡರು.
ಸ್ವಿಚ್ಚು, ಒದ್ದೆ ಕೈಗೆ ಎಟುಕುವಷ್ಟು ಹತ್ತಿರ.
ದೇವರು ಬೇರೆ ಮನೆಗಳ ಕೆಲಸ ಬಿಟ್ಟು
ಇಲ್ಲೇ ಕೂತಿದ್ದಿರಬೇಕು ಇಷ್ಟು ವರ್ಷ.

"ಬಲ್ಬು ಅಲ್ಲಿಂದ ತೆಗೆಯಬೇಕು" ಅಂದೆ.
"ಅದು ಒಸ್ಮಾರ್ ಹಾಕಿದ್ದು" ಅಂದಳು.
ಅಷ್ಟೇ. ಒಲೆಯ ಮೇಲೆ ಪಾಕ ಇಟ್ಟಿದ್ದಳು,
ಒಂದೆಳೆಯೋ ಎರಡೆಳೆಯೋ ನೋಡಲು ಹೋದಳು.

ಒಂದು ಟೈಲ್ಸು ಎಬ್ಬಿಸಿದೆ.
ಗೋಡೆಯೊಳಗೆ ಮೂರು ತಂತಿ ಬಂದಿದ್ದವು,
ಎರಡು ಕೆಲಸಕ್ಕೆ ಹೋಗಿದ್ದವು.
ಮೂರನೆಯದನ್ನು, ಹಸಿರನ್ನು, ಮೋಟಾಗಿ ಕತ್ತರಿಸಿ
ತುದಿಗೆ ಟೇಪು ಸುತ್ತಿ, ಟೇಪಿನ ಮೇಲೆ ದಾರ ಕಟ್ಟಿ,
ಹೊಕ್ಕುಳಬಳ್ಳಿಗೆ ಕಟ್ಟಿದ ಹಾಗೆ,
ಮಡಚಿ ಮಲಗಿಸಿದ್ದ ಪುಣ್ಯಾತ್ಮ.
ಅಸಡ್ಡೆ ಅಲ್ಲ ಅದು. ಎಷ್ಟು ಅಚ್ಚುಕಟ್ಟು!
ದೀಪ ಹತ್ತಲಿಕ್ಕೆ, ನೀರು ಕಾಯಲಿಕ್ಕೆ ಎರಡೇ ಸಾಕು;
ಮೂರನೆಯದಕ್ಕೇನು ಅರ್ಥ
ಎಂದು ಅವನಿಗೆ ಯಾರೂ ಹೇಳಿರಲಿಲ್ಲ.
ಅರ್ಥಿಂಗು: ದಾರಿ ತಪ್ಪಿದ ಕರೆಂಟಿಗೆ ನೆಲದ ದಾರಿ.
ಅದಿಲ್ಲದ ಮನೆಯಲ್ಲಿ ಆ ದಾರಿ
ಮೊಮ್ಮಗನ ಅಂಗಾಲು.
ಅಡುಗೆಮನೆಗೆ ಕೇಳದ ಹಾಗೆ ದಾರ ಬಿಚ್ಚಿದೆ.
ಅವಳಿಗೆ ಹೇಳಲಿಲ್ಲ.

ಎರಡು ದಿನ ಹಿಡಿಯಿತು.
ಹಿತ್ತಿಲಲ್ಲಿ ತಾಮ್ರದ ಗೂಟ ಆಳಕ್ಕೆ ಹೊಡೆದು
ಹಸಿರಿಗೆ ನೆಲ ಮುಟ್ಟಿಸಿದೆ.
ಸ್ವಿಚ್ಚನ್ನು ಬಾಗಿಲಿನಾಚೆಗೆ ಅಟ್ಟಿದೆ.
ಹೊಸ ದೀಪ ಎರಚಲಿಗೆ ಸಿಗದ ಮೂಲೆಯಲ್ಲಿ,
ರಬ್ಬರಿನ ಅಂಚು ಕಚ್ಚಿಕೊಂಡ ಗಾಜಿನೊಳಗೆ,
ಬರೀ ಹನ್ನೆರಡು ವೋಲ್ಟಿನದು;
ಅದರ ಟ್ರಾನ್ಸ್‌ಫಾರ್ಮರು ಪಡಸಾಲೆಯ ಅಟ್ಟದಲ್ಲಿ
ಒಣಗಿಕೊಂಡು ಕೂತಿದೆ.
ಕೊನೆಗೆ ಕಾವಲಿಗೊಂದು ಪುಟ್ಟ ಪೆಟ್ಟಿಗೆ:
ಹೋದ ಕರೆಂಟು ಹೋದಷ್ಟೇ ಮರಳಿತೇ ಎಂದು
ಎಣಿಸುತ್ತ ಕೂರುವ ಜುಗ್ಗ.
ಕೂದಲೆಳೆಯಷ್ಟು ಕಡಿಮೆಯಾದರೂ
ರೆಪ್ಪೆ ಬಡಿಯುವ ಮೊದಲೇ ಅಂಗಡಿ ಮುಚ್ಚುತ್ತಾನೆ.

ರಾತ್ರಿ ಒಂಬತ್ತೂವರೆಗೆ ಫೋನು.
"ಕಣ್ಣಲ್ಲಿ ಸೋಪು, ಮೈಮೇಲೆ ತಣ್ಣೀರು, ಸುತ್ತ ಕತ್ತಲು!
ನಿನ್ನ ಪೆಟ್ಟಿಗೆಗೆ ಬೆಂಕಿ ಬೀಳ!
ಒಸ್ಮಾರ್ ಹಾಕಿದ್ದು ಒಂದು ದಿನವೂ ಕೈಕೊಟ್ಟಿರಲಿಲ್ಲ."
ತಿಂಗಳಿಗೊಂದು ಬಲ್ಬಿನ ಮಾತು ನಾನೆತ್ತಲಿಲ್ಲ.
ಶವರನ್ನು ಬೇಸಿಗೆಯ ಗುರುತಿನಲ್ಲಿ ಪರೀಕ್ಷಿಸಿ ಬಂದಿದ್ದೆ,
ಅವಳು ಚಳಿಗಾಲಕ್ಕೆ ತಿರುಗಿಸಿದ್ದಳು. ತಪ್ಪು ನನ್ನದೇ.
ಬೈಸಿಕೊಂಡೆ. ಬೈಗುಳದ ನಡುನಡುವೆ
ಅವಳ ಹಲ್ಲು ಕಟಕಟ ಅನ್ನುವುದು ಕೇಳಿಸುತ್ತಿತ್ತು.
ಎಷ್ಟು ಚೆನ್ನಾಗಿ ಕೇಳಿಸುತ್ತಿತ್ತು.

ಬೆಳಿಗ್ಗೆ ಶವರಿನ ತಲೆ ಬಿಚ್ಚಿದೆ.
ಸುರುಳಿಯ ಬುಡದಲ್ಲಿ ಬಿರುಕು, ಬಿರುಕಿನಲ್ಲಿ ನೀರು.
ಈ ಜುಮ್ಮು ಇಲ್ಲಿಯದು.
ಇದಕ್ಕೂ ಹಿಂದೆ ಎಷ್ಟು ತಲೆಗಳೋ.
ಹೊಸದು ಕೂರಿಸಿ, ಚಳಿಗಾಲಕ್ಕೇ ತಿರುಗಿಸಿ,
"ಮುಟ್ಟಿ ನೋಡಿ" ಅಂದೆ.
"ಚಪ್ಪಲಿ ಬಿಟ್ಟು?"
"ಬಿಟ್ಟು."

ಹಸಿ ಸಿಮೆಂಟಿನ ಮೇಲೆ ಇಡುವಂತೆ ಕಾಲಿಟ್ಟಳು.
ನಲ್ಲಿಗೆ ಮೊದಲು ಬೆರಳ ಹಿಂಬದಿ ತಾಗಿಸಿದಳು,
ಜ್ವರದ ಮಗುವಿನ ಹಣೆಗೆ ತಾಗಿಸುವ ಹಾಗೆ.
ಆಮೇಲೆ ಇಡೀ ಅಂಗೈ.
ನಲ್ಲಿ ಏನೂ ಅನ್ನಲಿಲ್ಲ.
ಅವಳು ಕೈ ತೆಗೆಯಲೂ ಇಲ್ಲ.
ಅಡುಗೆಮನೆಯಿಂದ ಪಾಕ ಸೀದ ವಾಸನೆ
ನನಗೇ ಮೊದಲು ಬಂತು.